ರಾಶಿ ಹಸಿರು, ಗೊರಬಲು ಕೆಂಪು: ಅಡಿಕೆ ರೇಟಿನ ಒಂದು ಪ್ರಚಾರ ಜಾಹೀರಾತು ಚೆಕ್ ಮಾಡಿದ ಕಥೆ

ಶಿವಮೊಗ್ಗ ಜಿಲ್ಲೆಯ ಒಂದು ಪ್ರಕರಣ ಇದು. ಯಾವ ಚುನಾವಣೆ, ಯಾವ ಕ್ಷೇತ್ರ, ಯಾರು ಕ್ಯಾಂಡಿಡೇಟು ಅಂತ ಬರೆಯಲ್ಲ, ಪಾರ್ಟಿಗಳನ್ನ ಮೊದಲ್ನೇ ಪಾರ್ಟಿ, ಎದುರು ಪಾರ್ಟಿ ಅಂತಷ್ಟೇ ಕರೀತೀನಿ. ಊಹೆ ಮಾಡೋರು ಮಾಡ್ಕೊಳ್ಳಿ, ಆದ್ರೆ ಊಹೆ ಸರಿಯಾದ್ರೂ ಲಾಭ ಏನಿಲ್ಲ ಯಾಕಂದ್ರೆ ಕೊನೆಗೆ ಇಬ್ರೂ ಒಂದೇ ಕೆಲ್ಸ ಮಾಡಿದ್ರು. 2023ರ ಫೆಬ್ರವರಿ ಆದ್ಮೇಲೆ ನಡೆದಿದ್ದು ಅಂತ ಮಾತ್ರ ಇಟ್ಕೊಳ್ಳಿ, ಆ ತಿಂಗಳು ಯಾಕೆ ಮುಖ್ಯ ಅನ್ನೋದು ಮುಂದೆ ಬರತ್ತೆ.

ನಾವು ಅಂದ್ರೆ ಪ್ರಚಾರದಲ್ಲಿ ಹೇಳೋದು ನಿಜಾನಾ ಅಂತ ಚೆಕ್ ಮಾಡೋಕೆ ಎಲೆಕ್ಷನ್ ಟೈಮಲ್ಲಿ ಮಾತ್ರ ಒಟ್ಟು ಸೇರೋ ಸಣ್ಣ ಗುಂಪು. ಡಿಗ್ರಿ ಕಾಲೇಜಿನ ಲೆಕ್ಚರರ್ ಒಬ್ರು (ಮೇಡಂ ಅಂತೀವಿ), ಬ್ಯಾಂಕ್ ಮ್ಯಾನೇಜರ್ ಆಗಿದ್ದು ರಿಟೈರ್ ಆದೋರೊಬ್ರು (ಈಗ್ಲೂ ಎಲ್ರಿಗೂ ಅವ್ರು ಮ್ಯಾನೇಜರ್ರೇ), ಫ್ಲೆಕ್ಸ್ ಅಂಗಡೀಲಿ ಡಿಸೈನ್ ಮಾಡೋ ಒಬ್ಳು ಹುಡುಗಿ, ನಾನು. ಹುಡುಗಿ ಕೆಲ್ಸ ಮಾಡೋ ಅಂಗಡಿಗೆ ಎಲ್ಲಾ ಪಾರ್ಟಿ ಫ್ಲೆಕ್ಸೂ ಬರತ್ತೆ, ಹಾಗಾಗಿ ಅವ್ಳ ಅಂಗಡೀಲಿ ತಯಾರಾದ ಯಾವ್ದನ್ನೂ ಅವ್ಳು ಮುಟ್ಟೋ ಹಂಗಿಲ್ಲ ಅಂತ ಮೊದ್ಲೇ ಮಾತಾಗಿತ್ತು. ಈ ಜಾಹೀರಾತು ಅವ್ಳ ಅಂಗಡಿದಲ್ಲ.

ಮೊದಲ್ನೇ ಪಾರ್ಟಿ ಪರವಾದ ಈ ಜಾಹೀರಾತು ಬಂದಿದ್ದು ಮೂರು ರೂಪದಲ್ಲಿ: ಒಂದು ಚಿಕ್ಕ ವಿಡಿಯೋ, ಅದೇ ಚಿತ್ರ ಇರೋ ಕರಪತ್ರ, ಮತ್ತೆ ಎಲ್‌ಇಡಿ ಸ್ಕ್ರೀನ್ ಕಟ್ಟಿದ ಪ್ರಚಾರದ ಗಾಡಿ. ವಿಡಿಯೋದಲ್ಲಿ ಎಡಕ್ಕೊಂದು ಹಸಿರು ಕಂಬ, ಬಲಕ್ಕೊಂದು ಕೆಂಪು ಕಂಬ, ಹಸಿರಿನ ಮೇಲೆ 'ಅಂದು', ಕೆಂಪಿನ ಮೇಲೆ 'ಇಂದು', ಎರಡರ ನೆತ್ತಿ ಮೇಲೂ ಕ್ವಿಂಟಲ್ ಅಡಿಕೆ ರೇಟು, ಕೆಳಗೆ ಸಣ್ಣಕ್ಷರದಲ್ಲಿ 'ಮೂಲ: ಎಪಿಎಂಸಿ'. ಕೆಂಪು ಕಂಬ ಹಸಿರಿನ ಮೊಣಕಾಲಿಗೂ ಬರ್ತಿರ್ಲಿಲ್ಲ. ಹಿಂದುಗಡೆ ಒಬ್ಬ ಅಜ್ಜಿ ದನಿ, ತೋಟ ಮಾರೋ ಹೊತ್ತು ಬಂತಲ್ಲಪ್ಪಾ ಅಂತ. ಆಮೇಲೆ ಕಪ್ಪು ಪರದೆ ಮೇಲೆ '17,000 ಟನ್ ವಿದೇಶಿ ಅಡಿಕೆ ತಂದು ಸುರಿದವರು ಯಾರು?' ಅನ್ನೋ ಪ್ರಶ್ನೆ, ಅಲ್ಲಿಗೆ ಮುಗೀತು.

ಹೊರಗಿನೋರಿಗೆ ಇದೆಲ್ಲಾ ಮಾಮೂಲಿ ಅನ್ನಿಸ್ಬೋದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ರೇಟು ಅಂದ್ರೆ ಮಗಳ ಮದುವೆ, ಮಗನ ಫೀಸು, ಸೊಸೈಟಿ ಸಾಲ ಎಲ್ಲಾ ಸೇರಿದ್ದು, ಅದ್ರ ಮೇಲೆ ಎಲೆಚುಕ್ಕೆ ರೋಗ ಬೇರೆ ಬಂದು ಜನ ಮೊದ್ಲೇ ಹೈರಾಣಾಗಿದ್ರು. ಅಂತಾ ಹೊತ್ತಲ್ಲಿ ಬಂದ ವಿಡಿಯೋ. ಒಂದೇ ದಿನಕ್ಕೆ ಎಲ್ಲಾ ಗ್ರೂಪಲ್ಲೂ ಅದೇ.

ನಾವು ಮೊದ್ಲು ಮಾಡಿದ್ದು ಎಲ್ರೂ ಮಾಡೋ ಕೆಲ್ಸಾನೇ, ಅಂಕಿ ಹುಡುಕೋದು. ಕೃಷಿ ಮಾರಾಟ ವಾಹಿನಿ ವೆಬ್‌ಸೈಟಲ್ಲಿ ದಿನದ ರೇಟು ಸಿಗತ್ತೆ, ಯಾವ ಮಾರ್ಕೆಟ್ಟು, ಯಾವ ಮಾಲು, ಎಷ್ಟು ಆವಕ, ರೇಟು ಎಷ್ಟು ಅಂತ. ಮ್ಯಾನೇಜರ್ರು ಕೂತು ತೆಗೆದ್ರು. ಹಸಿರು ಕಂಬದ ಅಂಕಿ ಅಲ್ಲಿತ್ತು, ಕೆಂಪು ಕಂಬದ್ದೂ ಇತ್ತು, ರೂಪಾಯಿಗೆ ರೂಪಾಯಿ ಸರಿ. ಕ್ಯಾಂಡಿಡೇಟ್ ಆಫೀಸಿಗೆ ಫೋನ್ ಮಾಡಿ ಕೇಳಿದ್ರೆ ಅವ್ರೂ ಅದನ್ನೇ ಹೇಳಿದ್ರು, ಎಪಿಎಂಸಿ ಅಂಕಿನೇ ಸಾರ್, ನೀವೇ ಚೆಕ್ ಮಾಡ್ಕೊಳ್ಳಿ ಅಂತ. ದನಿಯಲ್ಲಿ ಒಂಚೂರೂ ಅಳುಕು ಇರ್ಲಿಲ್ಲ. ತಪ್ಪು ಅಂಕಿ ಹಾಕಿದೋರು ಸಾಮಾನ್ಯ ಹಿಂಗೆ ಮಾತಾಡಲ್ಲ.

ನಮ್ಮಲ್ಲಿ ಒಂದು ರೂಢಿ ಇದೆ, ಯಾವ ಕಸುಬಿನ ಬಗ್ಗೆ ಜಾಹೀರಾತು ಇದ್ಯೋ ಆ ಕಸುಬಿನೋರಿಗೆ ಒಂದ್ಸಲ ತೋರಿಸ್ದೆ ಬರೆಯಂಗಿಲ್ಲ. ಎಪಿಎಂಸಿ ಯಾರ್ಡಲ್ಲಿ ಒಂದು ಮಂಡಿ ಗುಮಾಸ್ತರು ಪರಿಚಯ, ಟೆಂಡರ್ ಮುಗಿದು ಚೀಟಿ ಬರೀತಾ ಕೂತಿದ್ರು. ವಿಡಿಯೋ ಪೂರ್ತಿ ನೋಡ್ಲೂ ಇಲ್ಲ ಅವ್ರು.

"ಇದು ಯಾವ್ ಅಡಿಕೆ ಮಾರಾಯ್ರೆ?"

ಅಡಿಕೆ ಅಡಿಕೆನೇ ಅಲ್ವಾ ಅಂದೆ, ಅವ್ರ ಬಾಯಿಂದಲೇ ಬರ್ಲಿ ಅಂತ.

"ಅಂದು ಅಂತ ಹಾಕಿರೋದು ರಾಶಿ ರೇಟು. ಇಂದು ಅಂತ ಹಾಕಿರೋದು ಗೊರಬಲಿಂದು. ಗೊರಬಲಿಗೆ ರಾಶಿ ರೇಟು ಯಾವತ್ತಿತ್ತು? ಹಾಲಿನ ರೇಟು ಬರ್ಕೊಂಡು ಪಕ್ಕಕ್ಕೆ ಮಜ್ಜಿಗೆ ರೇಟು ಬರ್ದಂಗಾಯ್ತು ಇದು."

ಗೊತ್ತಿಲ್ದೇ ಇರೋರಿಗೆ ಹೇಳ್ಬೇಕಂದ್ರೆ, ಶಿವಮೊಗ್ಗ ಮಾರ್ಕೆಟಲ್ಲಿ ಕೆಂಪಡಿಕೆ ಅನ್ನೋದು ಒಂದೇ ಮಾಲಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆಬೇರೆ ಲಾಟು, ಬೇರೆಬೇರೆ ಟೆಂಡರು, ಬೇರೆಬೇರೆ ರೇಟು. ಸರಕಿಗೆ ಎಲ್ಲಕ್ಕಿಂತ ಮೇಲಿನ ಬೆಲೆ, ಗೊರಬಲು ತಳದಲ್ಲಿ, ಒಂದೇ ದಿನ ಒಂದೇ ಯಾರ್ಡಲ್ಲಿ ಇವೆರಡರ ನಡುವೆ ಸಾವಿರಾರು ರೂಪಾಯಿ ಅಂತರ ಇರತ್ತೆ, ಅದ್ರಲ್ಲಿ ಯಾವ ಸರ್ಕಾರದ ಕೈವಾಡಾನೂ ಇಲ್ಲ. ಇನ್ನೊಂದು, ವೆಬ್‌ಸೈಟಲ್ಲಿ ಒಂದೊಂದು ಬಗೆಗೂ ಮೂರು ರೇಟು ಕೊಡ್ತಾರೆ, ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಅಂದ್ರೆ ಅವತ್ತು ಬಹುಪಾಲು ಮಾಲು ಹೋದ ರೇಟು. ಮ್ಯಾನೇಜರ್ರು ವಾಪಸ್ ಬಂದು ಕಾಲಂ ನೋಡಿದ್ರೆ ಹಸಿರು ಕಂಬ ರಾಶಿಯ ಗರಿಷ್ಠ, ಅದೂ ರೇಟು ಏರಿದ್ದ ದಿನದ್ದು. ಕೆಂಪು ಕಂಬ ಗೊರಬಲಿನ ಕನಿಷ್ಠ. ಎಪಿಎಂಸಿ ಅಂಕಿ ಅಂದಿದ್ದು ನಿಜಾನೇ, ಆ ಕಾಲಂನಿಂದ ಒಂದು ಈ ಕಾಲಂನಿಂದ ಒಂದು ಆರಿಸ್ಕೊಂಡಿದ್ರು ಅಷ್ಟೇ. ಡಿಸೈನ್ ಹುಡುಗಿ ಅವ್ಳ ಪಾಡಿಗೆ ಕಂಬಗಳ ಎತ್ತರ ಅಳೆದ್ಲು. ಗ್ರಾಫ್ ಸೊನ್ನೆಯಿಂದ ಶುರುವಾಗಿರ್ಲಿಲ್ಲ, ಅಂಕಿಯಲ್ಲಿ ಇರೋ ವ್ಯತ್ಯಾಸಕ್ಕಿಂತ ಚಿತ್ರದಲ್ಲಿ ಇರೋ ವ್ಯತ್ಯಾಸ ಬಹಳ ದೊಡ್ಡದಿತ್ತು. ಅವ್ಳಿಗೆ ಇದೇನೂ ಆಶ್ಚರ್ಯ ಅಲ್ಲ, ಕಸ್ಟಮರ್ ಕೇಳಿದ್ರೆ ನಾವೂ ಹಿಂಗೇ ಎಳೀತೀವಿ ಅಂದ್ಲು.

ರಾಶಿಗೆ ರಾಶಿ, ಮಾದರಿ ರೇಟಿಗೆ ಮಾದರಿ ರೇಟು, ಅದೇ ತಿಂಗಳಿಗೆ ಅದೇ ತಿಂಗಳು ಇಟ್ಟು ನೋಡಿದ್ರೆ ರೇಟು ಇಳಿದಿತ್ತು. ಹೌದು, ಇಳಿದಿತ್ತು. ಜಾಹೀರಾತು ತೋರಿಸಿದಷ್ಟು ಅಲ್ಲ, ಅದ್ರ ಹತ್ರಕ್ಕೂ ಇಲ್ಲ, ಆದ್ರೆ ಬೆಳೆಗಾರನ ಕೈಗೆ ಹತ್ತೋ ಅಷ್ಟು ಇಳಿದಿತ್ತು. ಈ ಕೇಸಲ್ಲಿ ಕಷ್ಟ ಇರೋದೇ ಇಲ್ಲಿ ಅಂತ ನನ್ನ ಅಭಿಪ್ರಾಯ. ಹಸೀ ಸುಳ್ಳನ್ನ ಚೆಕ್ ಮಾಡೋದು ಸಲೀಸು. ಇಲ್ಲಿ ನೋವು ನಿಜ, ಅಂಕಿ ನಿಜ, ಹೋಲಿಕೆ ಒಂದು ಮಾತ್ರ ಮೋಸ.

17,000 ಟನ್ನಿನ ವಿಷ್ಯಾನೂ ಅದೇ ಜಾತಿ. 2022ರ ಸೆಪ್ಟೆಂಬರಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಭೂತಾನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನ ಕನಿಷ್ಠ ಆಮದು ಬೆಲೆಯ ಷರತ್ತಿಲ್ದೇ ತರಬಹುದು ಅಂತ ಆದೇಶ ಮಾಡಿದ್ದು ನಿಜ, ಆಗ ಮಲೆನಾಡಲ್ಲಿ ಗಲಾಟೆ ಆಗಿದ್ದೂ ನಿಜ. ಆದ್ರೆ ಅದು ಮಿತಿ, ಇಷ್ಟರವರೆಗೆ ತರಬಹುದು ಅಂತ. ಅಷ್ಟೂ ತಂದು ಸುರಿದ್ರು ಅಂತ ಆ ಆದೇಶ ಹೇಳಲ್ಲ. ಮೇಲಿಂದ ಅದು ಹಸಿ ಅಡಿಕೆ, ಸುಲಿದು ಬೇಯಿಸಿ ಒಣಗಿಸಿದ್ರೆ ಎಷ್ಟು ಉಳಿಯತ್ತೆ ಅನ್ನೋದು ಅಂಗಳದಲ್ಲಿ ಅಡಿಕೆ ಹರವಿರೋ ಯಾರಿಗಾದ್ರೂ ಗೊತ್ತು. ನಾವು ಈ ಭಾಗಕ್ಕೆ ಹಾಕಿದ್ದು: ಅನುಮತಿ ಕೊಟ್ಟಿದ್ದು ಸರಿ, ತಂದು ಸುರಿದಿದ್ದಕ್ಕೆ ಜಾಹೀರಾತಲ್ಲಿ ಆಧಾರ ಇಲ್ಲ.

ಈಗ ಷರಾ ಏನು ಬರೀಬೇಕು ಅನ್ನೋ ಜಗಳ. ಮ್ಯಾನೇಜರ್ರು 'ಸುಳ್ಳು' ಅಂತ ದಪ್ಪಕ್ಷರದಲ್ಲಿ ಸೀಲ್ ಹೊಡೀರಿ, ಜನ ಉದ್ದಕ್ಕೆ ಓದಲ್ಲ ಅಂದ್ರು. ಮೇಡಂ ಒಪ್ಪಲಿಲ್ಲ. ಸುಳ್ಳು ಅಂತ ಹಾಕಿದ್ರೆ ಅವ್ರು ಎಪಿಎಂಸಿ ಪುಟದ ಸ್ಕ್ರೀನ್‌ಶಾಟ್ ಹಾಕ್ತಾರೆ, ಎರಡೂ ಅಂಕಿ ಅಲ್ಲಿರತ್ತೆ, ನಾವೇ ಸುಳ್ಳರಾಗ್ತೀವಿ. ಅದಕ್ಕಿಂತ ಹೆಚ್ಚಾಗಿ ತೋಟದೋರು ಓದಿದ್ರೆ 'ರೇಟು ಬಿದ್ದಿರೋದು ಸುಳ್ಳಾ?' ಅಂತ ನಮ್ ಮೇಲೇ ತಿರುಗಿ ಬೀಳ್ತಾರೆ. ಮೇಡಂ ಮಾತು ನಿಂತಿತು. ಸೀಲ್ ಬೇಡ, ಎರಡು ಸಾಲು ಸಾಕು ಅಂತ ಆಯ್ತು: "ರಾಶಿ ರೇಟು ಇಳಿದಿದೆ. ಆದ್ರೆ ಈ ಜಾಹೀರಾತು ಅಂದಿನ ರಾಶಿಗೆ ಇಂದಿನ ಗೊರಬಲು ಹೋಲಿಸಿದೆ, ಈ ಹೋಲಿಕೆ ತಪ್ಪು." ಜೊತೆಗೆ ರಾಶಿಗೆ ರಾಶಿ ಇಟ್ಟ, ಸೊನ್ನೆಯಿಂದ ಶುರುವಾದ ಗ್ರಾಫು, ಎಲ್ಲಾ ಸೇರಿ ಗ್ರೂಪುಗಳಿಗೆ ಕಳಿಸೋಕೆ ಒಂದು ಕಾರ್ಡು. ಮೂಲ ಜಾಹೀರಾತಿನ ಚಿತ್ರವನ್ನ ಕಾರ್ಡಲ್ಲಿ ಮತ್ತೆ ಹಾಕ್ಲಿಲ್ಲ, ಯಾಕಂದ್ರೆ ಗ್ರೂಪಲ್ಲಿ ಬೆರಳು ಸರಿಸೋರ ಕಣ್ಣಿಗೆ ಕೆಂಪು ಹಸಿರೇ ಬೀಳೋದು, ಕೆಳಗಿನ ಬರಹ ಅಲ್ಲ.

ಜೊತೆಗೇ ದೂರಿನ ದಾರೀನೂ ನೋಡಿದ್ವಿ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಬಹಳ ಜನ ಇಲ್ಲೇ ದಾರಿ ತಪ್ಪೋದು. ಟಿವಿ, ಕೇಬಲ್, ರೇಡಿಯೋ, ಸೋಶಿಯಲ್ ಮೀಡಿಯಾ, ಸಾರ್ವಜನಿಕ ಜಾಗದಲ್ಲಿ ತೋರಿಸೋ ಆಡಿಯೋ ವಿಡಿಯೋ, ಇವಕ್ಕೆಲ್ಲಾ ರಾಜಕೀಯ ಜಾಹೀರಾತಾದ್ರೆ ಎಂಸಿಎಂಸಿ, ಅಂದ್ರೆ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿಯಿಂದ ಮೊದ್ಲೇ ಸರ್ಟಿಫಿಕೇಟ್ ಬೇಕು. ಈ ವ್ಯವಸ್ಥೆಗೆ ಬುಡ 2004ರ ಸುಪ್ರೀಂ ಕೋರ್ಟ್ ಆದೇಶ, ಸೋಶಿಯಲ್ ಮೀಡಿಯಾನ 2013ರಲ್ಲಿ ಚುನಾವಣಾ ಆಯೋಗ ಸೇರಿಸ್ತು. ನೋಂದಾಯಿತ ಪಾರ್ಟಿ, ಕ್ಯಾಂಡಿಡೇಟ್ ಆದ್ರೆ ಪ್ರಸಾರಕ್ಕೆ 3 ದಿನ ಮೊದ್ಲು, ಬೇರೆಯವ್ರಾದ್ರೆ 7 ದಿನ ಮೊದ್ಲು ಅರ್ಜಿ, ಜೊತೆಗೆ ಜಾಹೀರಾತಲ್ಲಿ ಆಡೋ ಮಾತಿನ ಬರಹ ರೂಪ. ಪೇಪರ್ ಜಾಹೀರಾತಿಗೆ ಮಾತ್ರ ಮತದಾನದ ದಿನ ಮತ್ತೆ ಅದ್ರ ಹಿಂದಿನ ದಿನಕ್ಕಷ್ಟೇ ಈ ನಿಯಮ. ಕರಪತ್ರ, ಪೋಸ್ಟರ್‌ಗೆ ಬೇರೆ ಕಾನೂನು, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ: ಮುದ್ರಕರು, ಪ್ರಕಾಶಕರ ಹೆಸರು ವಿಳಾಸ ಕಡ್ಡಾಯ, ತಪ್ಪಿದ್ರೆ 6 ತಿಂಗಳವರೆಗೆ ಜೈಲು, ಇಲ್ಲಾ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ಇದ್ರಲ್ಲಿ ಎಲ್ಲಾದ್ರೂ 'ಹೇಳೋದು ನಿಜ ಇರ್ಬೇಕು' ಅಂತ ಬಂತಾ? ಹೆಚ್ಚುಕಮ್ಮಿ ಇಲ್ಲ. ಸುಳ್ಳು ಹೇಳಿಕೆ ಬಗ್ಗೆ ಕಾಯ್ದೆಯ 123(4) ಇದೆ, ಭಾರತೀಯ ನ್ಯಾಯ ಸಂಹಿತೆಯ 175 ಇದೆ, ಎರಡೂ ಮುಖ್ಯವಾಗಿ ಕ್ಯಾಂಡಿಡೇಟಿನ ವೈಯಕ್ತಿಕ ನಡತೆ, ಚಾರಿತ್ರ್ಯದ ಬಗ್ಗೆ ಸುಳ್ಳು ಹೇಳಿದ್ರೆ. ಅಡಿಕೆ ರೇಟಿಗೆ ಚಾರಿತ್ರ್ಯ ಎಲ್ಲಿಂದ ಬರ್ಬೇಕು. ಮಾದರಿ ನೀತಿ ಸಂಹಿತೆಯಲ್ಲಿ ಪರಿಶೀಲಿಸದ ಆರೋಪ, ತಿರುಚುವಿಕೆ ಬೇಡ ಅಂತ ಒಂದು ಮಾತಿದೆ, ನಾವು ದೂರಲ್ಲಿ ಅದನ್ನ ಆಧಾರ ಮಾಡ್ಕೊಂಡ್ವಿ. ಫೇಸ್‌ಬುಕ್ ಕಡೆ ನೋಡಿದ್ರೆ, ಮೆಟಾ ಕಂಪನಿ ರಾಜಕಾರಣಿಗಳ ಪೋಸ್ಟು, ಜಾಹೀರಾತನ್ನ ತನ್ನ ಫ್ಯಾಕ್ಟ್‌ಚೆಕ್ ವ್ಯವಸ್ಥೆಯಿಂದ ಹೊರಗಿಟ್ಟಿದೆ. ಆದ್ರೆ ಅವ್ರ ಜಾಹೀರಾತು ಲೈಬ್ರರೀಲಿ ರಾಜಕೀಯ ಜಾಹೀರಾತಿಗೆ ದುಡ್ಡು ಕೊಟ್ಟೋರು ಯಾರು, ಸುಮಾರು ಎಷ್ಟು ಖರ್ಚು, ಎಷ್ಟು ಸಲ ತೋರಿಸಿದ್ದು ಅನ್ನೋದು 7 ವರ್ಷ ಇರತ್ತೆ. ಅಲ್ಲಿ ನೋಡಿದ್ರೆ ವಿಡಿಯೋಗೆ ದುಡ್ಡು ಹಾಕಿದ್ದು ಪಾರ್ಟಿ ಪೇಜಲ್ಲ, ರೈತರ ಹೆಸರಿಟ್ಕೊಂಡ ಯಾವ್ದೋ ಪೇಜು.

ಹಾಗಾಗಿ ದೂರನ್ನ ಎರಡು ಭಾಗ ಮಾಡಿದ್ವಿ. ಸುಳ್ಳು ಹೋಲಿಕೆ ಒಂದು, ಕಾಗದಪತ್ರದ ತಪ್ಪು ಇನ್ನೊಂದು. ಕರಪತ್ರದಲ್ಲಿ ಪ್ರೆಸ್ಸಿನ ಹೆಸರೇ ಇರ್ಲಿಲ್ಲ. ಅದನ್ನ ಹಂಚ್ತಿರೋ ಜಾಗದಲ್ಲೇ ನಿಂತು ಚುನಾವಣಾ ಆಯೋಗಕ್ಕೆ ದೂರು ಕೊಡೋ ಸಿ-ವಿಜಿಲ್ ಆ್ಯಪಲ್ಲಿ ಫೋಟೋ ತೆಗೆದು ಹಾಕಿದ್ದು, ಯಾಕಂದ್ರೆ ಆ ಆ್ಯಪು ಗ್ಯಾಲರಿಯಲ್ಲಿರೋ ಹಳೇ ಫೋಟೋ ತಗೊಳ್ಳಲ್ಲ, ಅಲ್ಲೇ ತೆಗೀಬೇಕು. 100 ನಿಮಿಷದೊಳಗೆ ಕ್ರಮ ಅಂತ ಆಯೋಗ ಹೇಳತ್ತೆ. ಇಲ್ಲಿ ಫ್ಲೈಯಿಂಗ್ ಸ್ಕ್ವಾಡ್ ಅದಕ್ಕೂ ಮೊದ್ಲೇ ಬಂತು, ಕಟ್ಟುಗಟ್ಟಲೆ ಕರಪತ್ರ ತಗೊಂಡು ಹೋಯ್ತು. ನೋಡಿ, ಹಸಿರು ಕೆಂಪು ಕಂಬದ ಮೋಸಕ್ಕೆ ಯಾರೂ ಏನೂ ಮಾಡೋಕಾಗ್ಲಿಲ್ಲ, ಕೆಳಗೊಂದು ಸಾಲು ಇಲ್ದೇ ಇದ್ದಿದ್ದಕ್ಕೆ ಅದೇ ಕಂಬಗಳು ಜೀಪು ಹತ್ತಿದ್ವು. ಪೇಜಿನ ವಿಡಿಯೋಗೆ ಎಂಸಿಎಂಸಿ ಸರ್ಟಿಫಿಕೇಟ್ ನಂಬರ್ ಇರ್ಲಿಲ್ಲ ಅಂತ ಕೊಟ್ಟ ದೂರಿಗೆ ಕ್ಯಾಂಡಿಡೇಟ್ ಕಡೆಯಿಂದ ಬಂದ ಉತ್ತರ 'ಆ ಪೇಜು ನಮ್ದಲ್ಲ'. ಖರ್ಚು ತಮ್ಮ ಲೆಕ್ಕಕ್ಕೆ ಬರೋದು ಯಾರಿಗೂ ಬೇಡ. ಆದ್ರೆ ನೋಟಿಸಿನ ಸುದ್ದಿ ಹೋಗಿದ್ದೇ ತಡ, ನಮ್ದಲ್ಲ ಅಂದ ಆ ಪೇಜಲ್ಲಿ ಜಾಹೀರಾತು ನಿಂತೋಯ್ತು.

ಇನ್ನು ಜನರಿಗೆ ಮುಟ್ಟಿಸೋ ಕೆಲ್ಸ. ಕಾರ್ಡನ್ನ ಬೆಳೆಗಾರರ ವಾಟ್ಸಪ್ ಗ್ರೂಪುಗಳಿಗೆ ಹಾಕಿದ್ರೆ ಅಡ್ಮಿನ್‌ಗಳು ಡಿಲೀಟ್ ಮಾಡಿದ್ರು, ಗ್ರೂಪಲ್ಲಿ ರಾಜಕೀಯ ಬೇಡ ಅಂತ. ವಿಡಿಯೋ ಮಾತ್ರ ಅಲ್ಲೇ ಇತ್ತು, ಅದು ರೈತರ ಪೇಜಿಂದ ಬಂದಿದ್ದಲ್ವಾ, ಅದು ರಾಜಕೀಯ ಹೆಂಗಾಗತ್ತೆ! ಆಗ ಮೇಡಂ ಒಂದು ಉಪಾಯ ಹೇಳಿದ್ರು. ಪಾರ್ಟಿ ಹೆಸರೇ ತೆಗೀರಿ, ಜಾಹೀರಾತು ಅನ್ನೋದೂ ಬೇಡ, ಬರೀ ಪ್ರಶ್ನೆ ಕೇಳಿ. ಮ್ಯಾನೇಜರ್ರಿಗೆ ಇದು ಇಷ್ಟ ಆಗ್ಲಿಲ್ಲ, ಮಾಡಿದೋರ ಹೆಸರು ಮುಚ್ಚಿದ್ರೆ ಅದೆಂತಾ ಫ್ಯಾಕ್ಟ್‌ಚೆಕ್ ಅಂದ್ರು, ಅವ್ರ ಮಾತಲ್ಲೂ ಅರ್ಥ ಇತ್ತು. ಪೂರ್ತಿ ಬರಹದಲ್ಲಿ ಹೆಸರು ಇರ್ಲಿ, ಗ್ರೂಪಿಗೆ ಹೋಗೋದ್ರಲ್ಲಿ ಬೇಡ ಅಂತ ರಾಜಿ ಆಯ್ತು. ಗುಮಾಸ್ತರನ್ನ ಮಾತಾಡಿ ಅಂದ್ರೆ ನಂಗೆ ದಿನಾ ಎಲ್ಲಾ ಪಾರ್ಟಿಯೋರೂ ಮಾಲು ತರ್ತಾರೆ ಮಾರಾಯ್ರೆ ಅಂತ ಕೈ ಮುಗಿದ್ರು. ತೋಟ ಇರೋ ಒಬ್ರು ಅಮ್ಮ ಒಪ್ಪಿದ್ರು. ಮನೆ ಜಗಲೀಲಿ ಕೂತು ಫೋನಿಗೆ ಮಾತಾಡಿದ್ದು, ಹಿಂದುಗಡೆ ಅಡಿಕೆ ಸುಲಿಯೋ ಮೆಷಿನ್ ಸದ್ದು ಕೇಳತ್ತೆ: "ರೇಟು ಬಿದ್ದಿದ್ದು ನಂಗೂ ಗೊತ್ತುಂಟು. ಆದ್ರೆ ಯಾರಾದ್ರೂ ರೇಟಿನ ಚಿತ್ರ ಕಳ್ಸಿದ್ರೆ ಒಂದು ಕೇಳಿ, ಅಂದಿಂದು ಯಾವ ಅಡಿಕೆ, ಇಂದಿಂದು ಯಾವ ಅಡಿಕೆ ಅಂತ." ಅಷ್ಟೇ.

ಕಾರ್ಡು ಸತ್ತ ಜಾಗದಲ್ಲಿ ಆಡಿಯೋ ಓಡಿತು. ಅಡ್ಮಿನ್‌ಗಳೇ ಫಾರ್ವರ್ಡ್ ಮಾಡಿದ್ರು, ಜನ ವಿಡಿಯೋದ ಕೆಳಗೆ 'ಯಾವ ಅಡಿಕೆ?' ಅಂತ ಬರೆಯೋಕೆ ಶುರು ಮಾಡಿದ್ರು. ಆ ಪ್ರಶ್ನೆ ಕೇಳೋಕೆ ನಮ್ಮನ್ನ ನಂಬೋ ಅಗತ್ಯ ಇರ್ಲಿಲ್ಲ, ರಾಶಿ ಗೊರಬಲು ವ್ಯತ್ಯಾಸ ಅವ್ರಿಗೆ ನಮಗಿಂತ ಚೆನ್ನಾಗಿ ಗೊತ್ತು, ಚಿತ್ರ ನೋಡಿದಾಗ ಅದು ತಲೆಗೆ ಬಂದಿರ್ಲಿಲ್ಲ ಅಷ್ಟೇ. ವೋಟು ಬದಲಾಯ್ತಾ ಅಂತ ಕೇಳ್ತಾರೆ ಕೆಲವ್ರು. ಅದನ್ನ ಅಳೆಯೋ ದಾರಿ ನಮ್ಮತ್ರ ಇಲ್ಲ, ನಮ್ಮ ಕೆಲ್ಸಾನೂ ಅಲ್ಲ.

ಅಷ್ಟರಲ್ಲಿ ಎದುರು ಪಾರ್ಟಿ ಎಂಟ್ರಿ. ನಮ್ಮ ಕಾರ್ಡಿನ ಎರಡನೇ ಸಾಲಿನ ಕೊನೇ ಪದ 'ತಪ್ಪು' ಅನ್ನೋದನ್ನ ಮಾತ್ರ ಉಳಿಸಿ, 'ರಾಶಿ ರೇಟು ಇಳಿದಿದೆ' ಅನ್ನೋ ಮೊದಲ್ನೇ ಸಾಲು ಕತ್ತರಿಸಿ, ಅದ್ರ ಮೇಲೆ 'ಅಡಿಕೆ ರೇಟು ಬಿದ್ದಿದೆ ಅನ್ನೋದು ಹಸಿ ಸುಳ್ಳು, ಫ್ಯಾಕ್ಟ್‌ಚೆಕ್ ಬಯಲು' ಅಂತ ಹಾಕಿ, ಕೆಳಗೆ 'ಆಮದು ಬೆಲೆ 351 ರೂ. ಮಾಡಿ ವಿದೇಶಿ ಅಡಿಕೆ ನಿಲ್ಲಿಸಿದ್ದೇವೆ' ಅಂತ ಅವ್ರದ್ದೊಂದು ಜಾಹೀರಾತು. ನಮ್ಮ ಗುಂಪಿನ ಹೆಸರು ಅದ್ರಲ್ಲಿ ಎದ್ದು ಕಾಣ್ತಿತ್ತು.

ಸುಮ್ನಿದ್ರೆ ನಾವು ಒಂದು ಪಾರ್ಟಿಯೋರು ಅಂತ ಆಗೋಗ್ತಿತ್ತು. ಮ್ಯಾನೇಜರ್ರು ಆಕ್ಷೇಪಣೆ ಪತ್ರ ಬರೆಯೋಣ ಅಂದ್ರು, ಪತ್ರಾನೂ ಹೋಯ್ತು, ಆದ್ರೆ ಅದಕ್ಕೂ ಮೊದ್ಲು ಅವತ್ತೇ ರಾತ್ರಿ ಅವ್ರ ಜಾಹೀರಾತನ್ನೂ ಅದೇ ತಕ್ಕಡೀಲಿ ಚೆಕ್ ಮಾಡಿ ಹಾಕಿದ್ವಿ. 2023ರ ಫೆಬ್ರವರೀಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿದ್ದು ನಿಜ. ಕ್ವಿಂಟಲ್ ಲೆಕ್ಕಕ್ಕೆ 35,100. ಅದ್ರ ಅರ್ಥ, ಅದಕ್ಕಿಂತ ಕಮ್ಮಿ ಬೆಲೆಗೆ ತರೋ ಹಂಗಿಲ್ಲ ಅಂತ. ಆ ಬೆಲೆ ಅಥವಾ ಜಾಸ್ತಿ ಬೆಲೆ ತೋರಿಸಿ ತರಬಹುದು. ಪೂರ್ತಿ ರಫ್ತಿಗೇ ಅಂತ ಇರೋ ಘಟಕಗಳಿಗೆ, ವಿಶೇಷ ಆರ್ಥಿಕ ವಲಯದ ಘಟಕಗಳಿಗೆ, ಇಲ್ಲಿನ ಮಾರ್ಕೆಟಿಗೆ ಬಿಡಬಾರ್ದು ಅನ್ನೋ ಷರತ್ತಿನ ಮೇಲೆ ಆ ಬೆಲೆ ಅನ್ವಯಾನೇ ಆಗಲ್ಲ. ಇನ್ನು ಗಡಿಯಲ್ಲಿ ಕದ್ದು ಬರೋ ಅಡಿಕೆ ಯಾವ ಬೆಲೆ ಪಟ್ಟಿ ನೋಡ್ಕೊಂಡು ಬರತ್ತೆ? ಏರಿಸಿದ್ದು ಸರಿ, ನಿಲ್ಲಿಸಿದ್ದೇವೆ ಅನ್ನೋದಕ್ಕೆ ಆಧಾರ ಇಲ್ಲ. ಷರಾದ ಧಾಟಿ ಬೇಕಂತಲೇ ಮೊದಲ್ನೇ ಜಾಹೀರಾತಿಂದೇ ಇಟ್ವಿ, ಇಬ್ರಿಗೂ ಒಂದೇ ಅಳತೆ ಅನ್ನೋದು ಕಣ್ಣಿಗೆ ಕಾಣ್ಬೇಕು ಅಂತ.

ಡಿಸೈನ್ ಹುಡುಗಿ ಆಮೇಲೆ ಕಾರ್ಡಿನ ವಿನ್ಯಾಸಾನೇ ಬದಲಾಯಿಸಿದ್ಲು. ಷರಾದ ಎರಡು ಸಾಲನ್ನ ಪ್ರತ್ಯೇಕ ಇಡ್ದೇ ಗ್ರಾಫಿನ ಕಂಬಗಳ ಮೇಲೇ ಹಾಯಿಸಿ ಬರೆದ್ಲು, 'ಇಳಿದಿದೆ' ಅನ್ನೋದು ಒಂದು ಕಂಬದ ಮೇಲೆ, 'ಹೋಲಿಕೆ ತಪ್ಪು' ಅನ್ನೋದು ಇನ್ನೊಂದರ ಮೇಲೆ, ಒಂದನ್ನ ಕತ್ತರಿಸಿದ್ರೆ ಇನ್ನೊಂದೂ ಹರಿದು ಕಾಣೋ ಹಂಗೆ. ನೋಡೋಕೆ ಚಂದ ಇಲ್ಲ, ಅದು ಬೇರೆ ಮಾತು. ಆದ್ರೆ ಅದಾದ್ಮೇಲೆ ನಮ್ಮ ಕಾರ್ಡು ಕತ್ತರಿಸಿ ಬಳಸಿದ್ದು ಎಲ್ಲೂ ಸಿಗ್ಲಿಲ್ಲ.

ಮೊದಲ್ನೇ ಪಾರ್ಟಿ ಜಾಹೀರಾತು ಸತ್ತಿರ್ಲಿಲ್ಲ. ಪ್ರಚಾರ ಮುಗಿಯೋ ಹೊತ್ತಿಗೆ ಎಲ್‌ಇಡಿ ಗಾಡಿಯಲ್ಲಿ ತಿದ್ದಿದ ಆವೃತ್ತಿ ಬಂತು. ಅದೇ ಹಸಿರು ಕಂಬ, ಅದೇ ಕೆಂಪು ಕಂಬ, ಕೆಳಗೆ ಇರುವೆ ಸಾಲಿನಷ್ಟು ಸಣ್ಣಕೆ 'ರಾಶಿ', 'ಗೊರಬಲು' ಅಂತ ಸೇರಿಸಿದ್ರು, ಎಂಸಿಎಂಸಿ ಸರ್ಟಿಫಿಕೇಟ್ ನಂಬರ್ ಮಾತ್ರ ದೊಡ್ಡದಾಗಿ ಮೇಲ್ಗಡೆ. ಬಸ್‌ಸ್ಟ್ಯಾಂಡಲ್ಲಿ ಒಬ್ರು ಹಿರಿಯರು 'ಡಿಸಿ ಆಫೀಸಿಂದ ಸರ್ಟಿಫಿಕೇಟ್ ಕೊಟ್ಟಿದಾರಂತೆ, ಸುಳ್ಳು ಹೆಂಗಾಗತ್ತೆ' ಅಂದಿದ್ದನ್ನ ನಾನೇ ಕೇಳಿದೀನಿ. ಸರ್ಟಿಫಿಕೇಟ್ ಅಂದ್ರೆ ಪ್ರಸಾರಕ್ಕೆ ಒಪ್ಪಿಗೆ ಮಾತ್ರ, ಅಂಕಿ ಹೋಲಿಕೆ ಸರಿ ಇದೆ ಅನ್ನೋ ಮುದ್ರೆ ಅಲ್ಲ. ಈ ಒಂದು ವಿಷ್ಯ ಜನರಿಗೆ ಮೊದ್ಲೇ ತಿಳಿಸಿದ್ರೆ ಅರ್ಧ ಕೆಲ್ಸ ಹಗುರ ಆಗತ್ತೆ ಅನ್ನಿಸ್ತು, ಆದ್ರೆ ಆ ಸಲ ಅದಕ್ಕೆ ಟೈಮಿರ್ಲಿಲ್ಲ, ಮತದಾನ ಮುಗಿಯೋಕೆ ಮುಂಚಿನ 48 ಗಂಟೆ ಶುರುವಾಗಿ ಗಾಡಿಗಳೆಲ್ಲಾ ಶೆಡ್ ಸೇರಿದ್ವು.

ಆ ಗುಮಾಸ್ತರ ಪ್ರಶ್ನೆಯಿಂದ ನಮ್ಮ ಕೆಲ್ಸದ ರೀತಿ ಒಂಚೂರು ಬದಲಾಗಿದೆ. ಈಗ ಯಾವ ಅಂಕಿ ಬಂದ್ರೂ ಮೊದ್ಲು ನೋಡೋದು ಅದು ಸರಿಯಾ ತಪ್ಪಾ ಅಂತಲ್ಲ, ಅದ್ರ ಪಕ್ಕದಲ್ಲಿ ಯಾವುದನ್ನ ಕೂರಿಸಿದಾರೆ ಅಂತ. ಮತ್ತೆ ಚುನಾವಣೆ ಬಂದ್ಮೇಲೆ ಹುಡುಕೋದಕ್ಕಿಂತ ಈಗ್ಲೇ ಮಾಡಿಡೋಣ ಅಂತ ಮ್ಯಾನೇಜರ್ರು ಶೀಟು ಹಾಕ್ತಿದಾರೆ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರ್ಕೆಟ್ಟಿನ ಸರಕು, ಬೆಟ್ಟೆ, ರಾಶಿ, ಗೊರಬಲು, ತಿಂಗಳು ತಿಂಗಳಿನ ಮಾದರಿ ರೇಟು. ಕಾಳುಮೆಣಸಿಂದು ಆಗಿದೆ. ಭತ್ತಕ್ಕೆ ಬೆಂಬಲ ಬೆಲೆ ಬೇರೆ, ಮಾರ್ಕೆಟ್ ರೇಟು ಬೇರೆ ಕಾಲಂ. ಶುಂಠಿದು ಇನ್ನೂ ಅರ್ಧಕ್ಕೇ ನಿಂತಿದೆ, ಹಸಿ ಶುಂಠಿ 60 ಕೆಜಿ ಚೀಲದ ಲೆಕ್ಕದಲ್ಲಿ ಮಾರೋದ್ರಿಂದ ಎಲ್ಲಾನೂ ಕ್ವಿಂಟಲ್ಲಿಗೆ ತಿರುಗಿಸ್ಬೇಕು, ಆಮೇಲೆ ಯಾರೋ ಒಬ್ರು ಚೀಲದ ರೇಟಿನ ಪಕ್ಕ ಕ್ವಿಂಟಲ್ ರೇಟು ಹಾಕಿ ಕಂಬ ನಿಲ್ಲಿಸೋದು ಗ್ಯಾರಂಟಿ.